ಸ್ಪ್ರಿಂಗ್ ಮುಟ್ಟುವ ಮೊದಲು ಟೈರ್ ನೋಡಿ

"ಕಾರು ತಿರುಗ್ತಾನೇ ಇಲ್ಲ, ಮುಂದಿನ ಸ್ಪ್ರಿಂಗ್ ಮೆತ್ತಗಿನದು ಹಾಕಿಕೊಡಿ." ರೇಡಿಯೋ ಕಂಟ್ರೋಲ್ ಟೂರಿಂಗ್ ಕಾರುಗಳನ್ನು, ಅಂದರೆ ರಿಮೋಟ್ ಹಿಡಿದು ಓಡಿಸುವ ಚಿಕ್ಕ ರೇಸ್ ಕಾರುಗಳನ್ನು, ಸೆಟಪ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಮೇಜಿಗೆ ಬರುವ ಕಾರುಗಳ ಜೊತೆ ಜಾಸ್ತಿ ಬರುವ ಮಾತು ಇದೇ. ನಾನು ಸ್ಪ್ರಿಂಗ್ ಡಬ್ಬಿಗೆ ಕೈ ಹಾಕುವುದಿಲ್ಲ. ಮೊದಲು ಟೈರ್ ನೋಡುತ್ತೇನೆ. ಆಮೇಲೆ ಕಾರನ್ನು ಗಾಜಿನ ಹಲಗೆ ಮೇಲಿಟ್ಟು ಚಾಸಿ (ಕಾರಿನ ತಳದ ಚೌಕಟ್ಟು) ತಿರುಚಿಕೊಂಡಿದೆಯಾ ಅಂತ ನೋಡುತ್ತೇನೆ. ಬಹುಪಾಲು ಸಲ ತೊಂದರೆ ಈ ಎರಡರಲ್ಲೇ ಸಿಗುತ್ತದೆ. ಸ್ಪ್ರಿಂಗ್ ಬದಲಿಸಿದ್ದರೆ ಆ ತೊಂದರೆ ಮರೆಯಾಗುತ್ತಿತ್ತು ಅಷ್ಟೇ, ಸರಿಯಾಗುತ್ತಿರಲಿಲ್ಲ.

ಟೈರ್‌ನಿಂದಲೇ ಶುರು ಮಾಡೋಣ. ನೆಲಕ್ಕೆ ತಾಗುವುದು ಆ ನಾಲ್ಕು ರಬ್ಬರ್ ತುಂಡುಗಳು ಮಾತ್ರ. ಉಳಿದದ್ದೆಲ್ಲ, ಅಂದರೆ ಶಾಕ್, ಸ್ಪ್ರಿಂಗ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ), ಬಾರ್ (ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್ ತಂತಿ) ಎಲ್ಲವೂ, ಆ ರಬ್ಬರನ್ನು ನೆಲಕ್ಕೆ ಸರಿಯಾಗಿ ಒತ್ತಿ ಹಿಡಿಯುವುದಕ್ಕೆ ಇರುವುದು. ಹತ್ತನೇ ಒಂದು ಅಳತೆಯ ಟೂರಿಂಗ್ ಕಾರಿನ ರಬ್ಬರ್ ಟೈರ್ ಸುಮಾರು 63 ಮಿಲಿಮೀಟರ್ ವ್ಯಾಸ ಇರುತ್ತದೆ, ಕಾರಿನ ಅಗಲ 190 ಮಿಲಿಮೀಟರ್. ಇಷ್ಟು ಚಿಕ್ಕ ಕಾರಿನಲ್ಲಿ ಟೈರ್‌ನ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಹಾಗಾಗಿ ಮೊದಲ ಕೆಲಸ, ಟೈರ್ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಸುತ್ತಲೂ ಬನ್ನಿ. ರಿಮ್‌ನಿಂದ ಎಲ್ಲಾದರೂ ಅಂಟು ಬಿಟ್ಟಿದೆಯಾ? ಒಂದು ಸೆಂಟಿಮೀಟರ್ ಬಿಟ್ಟಿದ್ದರೂ ತಿರುವಿನಲ್ಲಿ ಟೈರ್ ಮಡಚಿಕೊಳ್ಳುತ್ತದೆ, ಕಾರು ಒಂದು ಕಡೆಗೆ ಮಾತ್ರ ಕೆಟ್ಟದಾಗಿ ತಿರುಗುತ್ತದೆ, ನೀವು ಇಡೀ ದಿನ ಕ್ಯಾಂಬರ್ ತಿರುಗಿಸುತ್ತಾ ಕೂರುತ್ತೀರಿ. ಒಳಗಿನ ಸ್ಪಂಜು ಸರಿದು ಒಂದು ಕಡೆ ಗಂಟಾಗಿದ್ದರೂ ಇದೇ ಕಥೆ. ಆಮೇಲೆ ಸವೆತ ನೋಡಿ. ಅಗಲದ ಉದ್ದಕ್ಕೂ ಒಂದೇ ಸಮ ಸವೆದಿದ್ದರೆ ಕ್ಯಾಂಬರ್ ಸರಿ ಇದೆ. ಒಳ ಅಂಚು ಮಾತ್ರ ತೆಳ್ಳಗಾಗಿದ್ದರೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಗೆ ವಾಲಿರುವುದು, ಜಾಸ್ತಿಯಾಗಿದೆ, ಹೊರ ಅಂಚಾದರೆ ಸಾಲದು. ನಾನು ಮುಂದೆ ಹಿಂದೆ ಎರಡೂ ಕಡೆ ಮೈನಸ್ 1.5ರಿಂದ 2 ಡಿಗ್ರಿಯಲ್ಲಿ ಶುರು ಮಾಡುತ್ತೇನೆ, ಆಮೇಲೆ ಟೈರ್ ಹೇಳಿದ ಹಾಗೆ ಅರ್ಧರ್ಧ ಡಿಗ್ರಿ ಬದಲಿಸುತ್ತೇನೆ. ಗೇಜ್‌ಗಿಂತ ಸವೆದ ರಬ್ಬರ್ ಹೇಳುವುದನ್ನೇ ನಾನು ಜಾಸ್ತಿ ನಂಬುವುದು.

ಟಾರ್ ಟ್ರ್ಯಾಕ್‌ನಲ್ಲಿ ಓಡಿಸುವವರು ಟೈರ್ ಕಾಂಪೌಂಡ್ (ರಬ್ಬರ್ ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಅನ್ನುವುದು) ವಿಷಯದಲ್ಲಿ ಉದಾಸೀನ ಮಾಡಬಾರದು. ಸೋರೆಕ್ಸ್‌ನಂಥ ಬ್ರ್ಯಾಂಡ್‌ಗಳ ಟೈರ್ ಮೇಲೆ 24, 28, 32, 36, 40 ಅಂತ ನಂಬರ್ ಇರುತ್ತದೆ. ಚಿಕ್ಕ ನಂಬರ್ ತಣ್ಣನೆಯ ನೆಲಕ್ಕೆ, ದೊಡ್ಡದು ಬಿಸಿ ನೆಲಕ್ಕೆ. ಕಾದ ನೆಲದಲ್ಲಿ 28 ಹಾಕಿದರೆ ಮೊದಲ ಎರಡು ಲ್ಯಾಪ್ ಖುಷಿಯಾಗುತ್ತದೆ, ಆಮೇಲೆ ರಬ್ಬರ್ ಅತಿಯಾಗಿ ಕಾದು ಹಿಡಿತ ಬಿಡುತ್ತದೆ. ಎಲೆಕ್ಟ್ರಿಕ್ ಟೂರಿಂಗ್ ರೇಸ್ ಸಾಮಾನ್ಯವಾಗಿ 5 ನಿಮಿಷ. ಟೈರ್ ಆರಿಸಬೇಕಾದದ್ದು ಆ ಐದನೇ ನಿಮಿಷಕ್ಕೆ, ಮೊದಲ ಲ್ಯಾಪ್‌ಗೆ ಅಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ಪ್ರಾಕ್ಟೀಸ್‌ನಲ್ಲಿ ಎಲ್ಲರೂ ನೋಡುವುದು ಒಂದೇ ಒಂದು ಫಾಸ್ಟ್ ಲ್ಯಾಪನ್ನು.

ಕಾರ್ಪೆಟ್ ಟ್ರ್ಯಾಕ್‌ನಲ್ಲಿ ತೊಂದರೆ ಉಲ್ಟಾ. ಅಲ್ಲಿ ಹಿಡಿತ ಜಾಸ್ತಿಯಾಗಿ ಕಾರು ತಿರುವಿನಲ್ಲಿ ಮಗುಚಿ ಬೀಳುತ್ತದೆ. ಅದಕ್ಕೆ ಮೊದಲ ಮದ್ದು ಟೈರ್ ಅಡಿಟಿವ್ (ಹಿಡಿತ ಏರಿಸಲು ರಬ್ಬರಿಗೆ ಹಚ್ಚುವ ದ್ರವ) ಹಚ್ಚುವ ರೀತಿ. ಹಿಂದಿನ ಟೈರ್‌ಗೆ ಪೂರ್ತಿ ಹಚ್ಚಿ, ಮುಂದಿನದಕ್ಕೆ ಒಳಗಿನ ಅರ್ಧ ಮಾತ್ರ ಹಚ್ಚಿ. ಅಷ್ಟಕ್ಕೇ ಮುಂಭಾಗ ಶಾಂತವಾಗುತ್ತದೆ. ಇನ್ನೂ ಮಗುಚುತ್ತಿದ್ದರೆ ಮುಂದಿನ ಟೈರ್‌ಗಳ ಹೊರ ಪಕ್ಕಕ್ಕೆ ತೆಳ್ಳಗೆ ಸೂಪರ್ ಗ್ಲೂ ಸವರಿ ಒಣಗಿಸಿ. ಪಕ್ಕದ ರಬ್ಬರ್ ನೆಲವನ್ನು ಕಚ್ಚುವುದು ನಿಲ್ಲುತ್ತದೆ. ಈ ಎರಡನ್ನೂ ಮಾಡದೆ ಸ್ಪ್ರಿಂಗ್ ಗಟ್ಟಿ ಮಾಡುತ್ತಾ ಹೋದವರ ಕಾರು ಮಗುಚುವುದು ನಿಂತರೂ ಓಡಿಸುವುದಕ್ಕೆ ಚೆನ್ನಾಗಿರುವುದಿಲ್ಲ.

ಈಗ ತಿರುಚಿದ ಚಾಸಿ. ನಾವು ಇದಕ್ಕೆ ಟ್ವೀಕ್ ಅನ್ನುತ್ತೇವೆ. ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಜಾರುವ ಕಾರು, ಥ್ರಾಟಲ್ ಕೊಟ್ಟ ಕೂಡಲೇ ಒಂದು ಕಡೆ ಎಳೆಯುವ ಕಾರು, ಇವುಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಬ್ಯಾಟರಿ ಹಾಕಿ, ಕಾರನ್ನು ಸಮತಟ್ಟಾದ ಹಲಗೆ ಮೇಲಿಡಿ. ಮುಂಭಾಗದ ಸರಿಯಾದ ಮಧ್ಯಕ್ಕೆ ಚಾಕುವಿನ ಮೊನೆ ಕೊಟ್ಟು ನಿಧಾನವಾಗಿ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಬಲಗಡೆಯದು ಮೊದಲು ಎದ್ದರೆ ಅದರ ಮೇಲೆ ಭಾರ ಕಮ್ಮಿ ಇದೆ, ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳು ಮೂಲೆಯಿಂದ ಮೂಲೆಗೆ ಜಾಸ್ತಿ ಭಾರ ಹೊತ್ತಿವೆ ಅಂತ ಅರ್ಥ. ಹಿಂದೆಯೂ ಹೀಗೇ ನೋಡಿ. ವ್ಯತ್ಯಾಸ ಇದ್ದರೆ ತಕ್ಷಣ ಸ್ಪ್ರಿಂಗ್ ಕಾಲರ್ (ಶಾಕ್ ಮೇಲೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಬಳೆ) ತಿರುಗಿಸಬೇಡಿ. ಆಂಟಿ ರೋಲ್ ಬಾರ್‌ಗಳ ಕೊಂಡಿ ಬಿಚ್ಚಿ ಮತ್ತೆ ಎತ್ತಿ ನೋಡಿ. ಈಗ ಸರಿಯಾದರೆ ತಪ್ಪು ಬಾರ್‌ನದು, ಅದರ ಕೊಂಡಿಗಳ ಉದ್ದ ಸರಿ ಮಾಡಿ. ಆಗಲೂ ವ್ಯತ್ಯಾಸ ಉಳಿದರೆ ಮೇಲಿನ ಡೆಕ್ (ಚಾಸಿಯ ಮೇಲಿನ ತಟ್ಟೆ) ಸ್ಕ್ರೂಗಳನ್ನು ಸಡಿಲ ಮಾಡಿ, ಚಾಸಿಯನ್ನು ಹಲಗೆಗೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿ. ಗೋಡೆಗೆ ಗುದ್ದಿದ ಮೇಲೆ ಪ್ರತಿ ಸಲ ಇದನ್ನು ಮಾಡಬೇಕು. ಕಾಲರ್ ಮುಟ್ಟುವುದು ಇದೆಲ್ಲ ಆದ ಮೇಲೆ.

ಇಷ್ಟು ಆದ ಮೇಲೆ ಸಸ್ಪೆನ್ಶನ್‌ಗೆ ಬರೋಣ. ಮೊದಲು ಯಾಕೆ ಅನ್ನುವುದು ಗೊತ್ತಿರಲಿ, ಆಗ ಏನು ಬದಲಿಸಬೇಕು ಅಂತ ನಿಮಗೇ ಹೊಳೆಯುತ್ತದೆ. ಟೈರ್ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಮ್ಮಿಯೇ ಹೆಚ್ಚುತ್ತದೆ. ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ಹೋಗುತ್ತದೆ, ಅಲ್ವಾ? ಒಟ್ಟು ಎಷ್ಟು ಭಾರ ದಾಟುತ್ತದೆ ಅನ್ನುವುದು ಮುಖ್ಯವಾಗಿ ತಿರುವಿನ ವೇಗ, ಕಾರಿನ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಚಕ್ರಗಳು ಎಷ್ಟು ಅಗಲಕ್ಕಿವೆ ಎಂಬುದರ ಮೇಲೆ ನಿಂತಿದೆ. ಸ್ಪ್ರಿಂಗ್ ಮತ್ತು ಬಾರ್ ಮಾಡುವುದು ಹಂಚಿಕೆ ಮಾತ್ರ: ದಾಟುವ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಅಂತ. ಯಾವ ತುದಿ ಗಟ್ಟಿಯೋ ಅದು ಜಾಸ್ತಿ ಹೊರುತ್ತದೆ, ಆ ತುದಿಯ ಒಟ್ಟು ಹಿಡಿತ ಇಳಿಯುತ್ತದೆ. ಹಿಂಭಾಗ ಜಾರುತ್ತಿದ್ದರೆ ಹಿಂದೆ ಮೆತ್ತಗೆ ಮಾಡಿ, ಇಲ್ಲವೇ ಮುಂದೆ ಗಟ್ಟಿ ಮಾಡಿ. ಮುಂಭಾಗ ಹೊರಗೆ ತಳ್ಳುತ್ತಿದ್ದರೆ ಇದರ ಉಲ್ಟಾ.

ಬಾರ್ ಬದಲಿಸುವಾಗ ಹುಷಾರು. ತಂತಿಯ ಬಿಗಿತ ಅದರ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. 1.2 ಮಿಲಿಮೀಟರ್ ಬಾರ್ ತೆಗೆದು 1.4 ಹಾಕಿದರೆ ಕಣ್ಣಿಗೆ ಏನೂ ಬದಲಾವಣೆ ಇಲ್ಲ, ಬಿಗಿತ ಮಾತ್ರ ಸುಮಾರು 1.85 ಪಟ್ಟು. 1.2ರಿಂದ 1.3ಕ್ಕೆ ಹೋದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿಕೆ. ಅದಕ್ಕೇ ನಾನು ಬಾರ್‌ನಲ್ಲಿ ಒಂದೊಂದೇ ಹೆಜ್ಜೆ ಇಡುತ್ತೇನೆ.

ಶಾಕ್ ವಿಷಯದಲ್ಲಿ ನನಗೆ ಆಯಿಲ್ ನಂಬರ್‌ಗಿಂತ ಕಟ್ಟುವ ಕೆಲಸ ಮುಖ್ಯ. ಎಡ ಬಲ ಶಾಕ್‌ಗಳು ಒಂದೇ ಉದ್ದ ಇರಬೇಕು, ಒತ್ತಿ ಬಿಟ್ಟಾಗ ಒಂದೇ ವೇಗದಲ್ಲಿ ವಾಪಸ್ ಬರಬೇಕು, ಒಳಗೆ ಗಾಳಿ ಗುಳ್ಳೆ ಉಳಿದಿರಬಾರದು. ಇದಿಲ್ಲದೆ 350 ಆಯಿಲ್‌ನಿಂದ 400ಕ್ಕೆ ಹೋಗುವುದು ಸುಮ್ನೆ ಕೆಲಸ. ಇನ್ನೊಂದು, ಆಯಿಲ್ ಬಾಟಲಿ ಮೇಲೆ ಸಿಎಸ್‌ಟಿ ಅಂತ ಬರೆದಿರುವುದನ್ನೇ ಕೊಳ್ಳಿ, ಅದು ಆಯಿಲ್ ಎಷ್ಟು ಮಂದ ಅನ್ನುವುದರ ಅಳತೆ. ಡಬ್ಲ್ಯೂಟಿ ನಂಬರ್‌ಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದುವುದಿಲ್ಲ.

ರೈಡ್ ಹೈಟ್ (ನೆಲದಿಂದ ಚಾಸಿಯ ಎತ್ತರ) 5ರಿಂದ 5.5 ಮಿಲಿಮೀಟರ್, ಉಬ್ಬುತಗ್ಗಿನ ಟಾರ್ ಆದರೆ ಸ್ವಲ್ಪ ಜಾಸ್ತಿ. ಓಡಿಸುವಾಗ ಕಾರು ಹೇಗಿರುತ್ತದೋ ಹಾಗೇ, ಬ್ಯಾಟರಿ ಬಾಡಿ ಸಮೇತ ಅಳೆಯಿರಿ. ಟೈರ್ ಸವೆದ ಹಾಗೆ ಇದೂ ಇಳಿಯುತ್ತದೆ, ಹಾಗಾಗಿ ಹಳೆ ಟೈರ್ ತೆಗೆದು ಹೊಸದು ಹಾಕಿದಾಗ ಮತ್ತೆ ಅಳೆಯದೆ ಟ್ರ್ಯಾಕಿಗೆ ಇಳಿಯಬೇಡಿ. ಹಿಂದಿನ ಚಕ್ರಗಳ ಟೋ ಇನ್ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ತುದಿ ಒಳಗೆ ತಿರುಗಿರುವ ಕೋನ) 3 ಡಿಗ್ರಿಯಲ್ಲಿ ಬಿಡಿ, ಕಾರು ನಿಮ್ಮ ಕೈಗೆ ಕೂತ ಮೇಲೆ 2.5ಕ್ಕೆ ಇಳಿಸಿ ನೋಡಬಹುದು.

ಜನ ತೀರಾ ಕಡೆಗಣಿಸುವುದು ಡ್ರೂಪ್ ಅನ್ನು. ಚಾಸಿಯನ್ನು ಮೇಲಕ್ಕೆ ಎತ್ತಿದಾಗ ಚಕ್ರ ನೆಲ ಬಿಡುವ ಮೊದಲು ಎಷ್ಟು ಮಿಲಿಮೀಟರ್ ಏಳುತ್ತದೆ, ಅದೇ ಡ್ರೂಪ್. ಬ್ರೇಕ್ ಹಾಕಿದಾಗ ಹಿಂಭಾಗ ಎಷ್ಟು ಏಳಬಹುದು, ಥ್ರಾಟಲ್ ಕೊಟ್ಟಾಗ ಮುಂಭಾಗ ಎಷ್ಟು ಏಳಬಹುದು ಅನ್ನುವುದಕ್ಕೆ ಇದು ಮಿತಿ ಹಾಕುತ್ತದೆ. ತಿರುವಿನಿಂದ ಹೊರಬರುವಾಗ ಥ್ರಾಟಲ್ ಕೊಟ್ಟ ಕೂಡಲೇ ಕಾರು ಹೊರಗೆ ಹೋಗುತ್ತದೆಯಾ? ಮುಂದಿನ ಡ್ರೂಪ್ ಅರ್ಧ ಮಿಲಿಮೀಟರ್ ಕಮ್ಮಿ ಮಾಡಿ. ಮೂಗು ಏಳುವುದು ಕಮ್ಮಿಯಾಗಿ ಮುಂದಿನ ಟೈರ್ ಮೇಲೆ ಭಾರ ಉಳಿಯುತ್ತದೆ. ತಿರುವಿಗೆ ಒಳಗೆ ಹೋಗುವಾಗ ಹಿಂಭಾಗ ಜಾರುತ್ತದೆಯಾ? ಹಿಂದಿನ ಡ್ರೂಪ್ ಕಮ್ಮಿ ಮಾಡಿ. ಎಡ ಬಲ ಮಾತ್ರ ಒಂದೇ ಇರಬೇಕು, ಹತ್ತನೇ ಒಂದು ಮಿಲಿಮೀಟರ್ ತನಕ. ಸ್ಪ್ರಿಂಗ್ ಬದಲಿಸಿದರೆ ಇಡೀ ತಿರುವಿನ ಸ್ವಭಾವ ಬದಲಾಗುತ್ತದೆ. ಡ್ರೂಪ್ ಬದಲಿಸಿದರೆ ಒಳಹೋಗುವಾಗ ಇಲ್ಲವೇ ಹೊರಬರುವಾಗ ಇರುವ ತೊಂದರೆಗಷ್ಟೇ ಕೈ ಹಾಕಿದ ಹಾಗೆ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಚಾಂಪಿಯನ್ ಡ್ರೈವರ್‌ಗಳ ಸೆಟಪ್ ಶೀಟ್ ನಕಲು ಮಾಡುವವರಿಗೆ ಒಂದು ಮಾತು. ಆ ಶೀಟ್ ಅವರ ಟೈರ್, ಆ ಟ್ರ್ಯಾಕ್, ಆ ದಿನದ ಬಿಸಿಲಿಗೆ ಬರೆದದ್ದು. ಶುರು ಮಾಡಲು ಒಳ್ಳೆಯದು, ಆದರೆ ಶೀಟ್‌ನಲ್ಲಿ ಮೊದಲು ಟೈರ್ ಮತ್ತು ಅಡಿಟಿವ್ ಕಾಲಂ ಓದಿ. ಅದು ನಿಮ್ಮದಕ್ಕೆ ಹೊಂದದಿದ್ದರೆ ಕೆಳಗಿನ ನಂಬರ್‌ಗಳಿಗೆ ಅಷ್ಟು ಬೆಲೆ ಇಲ್ಲ.

ರೇಸ್ ದಿನ ಬೆಳಗ್ಗೆ ಸರಿಯಾಗಿದ್ದ ಕಾರು ಮಧ್ಯಾಹ್ನ ಬೇರೆಯಾಗುತ್ತದೆ. ನೆಲ ಕಾಯುತ್ತದೆ, ಎಲ್ಲರ ರಬ್ಬರ್ ಕೂತು ಗ್ರಿಪ್ ಏರುತ್ತದೆ. ಆಗ ನಾನು ಹೋಗುವ ಕ್ರಮ ಇದು: ಮೊದಲು ಮುಂದಿನ ಟೈರ್‌ಗೆ ಅಡಿಟಿವ್ ಕಮ್ಮಿ ಮಾಡುತ್ತೇನೆ. ಅದು ಸಾಲದಿದ್ದರೆ ಗಟ್ಟಿ ಕಾಂಪೌಂಡ್ ಹಾಕುತ್ತೇನೆ. ಆಮೇಲೆ ಡ್ರೂಪ್. ಸ್ಪ್ರಿಂಗ್ ಮತ್ತು ಬಾರ್ ಕೊನೆಗೆ. ಒಂದು ಓಟಕ್ಕೆ ಒಂದೇ ಬದಲಾವಣೆ, ಅದನ್ನು ನೆಲದ ಬಿಸಿಯ ಜೊತೆ ಬರೆದಿಡುತ್ತೇನೆ. ಬದಲಾವಣೆ ಕೆಲಸ ಮಾಡದಿದ್ದರೆ ಅದರ ಮೇಲೆ ಇನ್ನೊಂದನ್ನು ಹೇರುವುದಿಲ್ಲ. ಮೊದಲು ಇದ್ದಲ್ಲಿಗೆ ವಾಪಸ್ ಹೋಗಿ, ಅಲ್ಲಿಂದ ಬೇರೆ ದಾರಿ ನೋಡುತ್ತೇನೆ.