ಜಗಳವಿಲ್ಲದ ಪಟ್ಟ: ನಮ್ಮ ಕಿಟಕಿಯ ಕಣಜಗಳ ಸಂಸಾರ

ಕಿಟಕಿಯ ಮೂಲೆಯಲ್ಲೋ ಸಜ್ಜಾ ಕೆಳಗೋ ಕಣಜದ ಗೂಡು ನೇತಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ಸಣ್ಣ ತೊಟ್ಟು, ಅದರಿಂದ ತೂಗುವ ಬೂದು ಬಣ್ಣದ ಕಾಗದದಂಥ ಗೂಡು, ಅದರ ತುಂಬ ಆರು ಮೂಲೆಯ ಪುಟ್ಟ ಕೋಣೆಗಳು. ಮೇಲೆ ಹತ್ತಿಪ್ಪತ್ತು ಕಣಜಗಳು ಕೂತಿರುತ್ತವೆ. ಕಚ್ಚೀತು ಅನ್ನೋ ಭಯಕ್ಕೆ ನಾವು ಅದನ್ನು ಸುಟ್ಟು ಹಾಕುತ್ತೇವೆ, ಇಲ್ಲವೇ ಕೋಲಿನಿಂದ ಕೆಡವುತ್ತೇವೆ. ಆದರೆ ಆ ಕಣಜ ಕೆಂಪು ಮಿಶ್ರಿತ ಕಂದು ಬಣ್ಣದ್ದಾಗಿದ್ದು, ಹೊಟ್ಟೆಯ ಸುತ್ತ ಒಂದು ಹಳದಿ ಪಟ್ಟಿ ಇದ್ದರೆ, ನೀವು ನೋಡುತ್ತಿರುವುದು ಬಹುಶಃ ರೋಪಾಲಿಡಿಯಾ ಮಾರ್ಜಿನೇಟಾ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಕಣಜ ಇದು. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಆಗಿರುವ ಕೀಟಗಳ ಸಂಸಾರಗಳಲ್ಲಿ ಇದರದೂ ಒಂದು. ಆ ಕೆಲಸ ನಡೆದದ್ದು ಬೆಂಗಳೂರಿನಲ್ಲೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಗಳಲ್ಲಿ ಈ ಕಣಜಗಳು ಗೂಡು ಕಟ್ಟುತ್ತಿದ್ದವು. ಅಲ್ಲಿ ಓದುತ್ತಿದ್ದ ರಾಘವೇಂದ್ರ ಗದಗ್ಕರ್ ಅವುಗಳನ್ನು ನೋಡುವ ಗೀಳು ಹತ್ತಿಸಿಕೊಂಡರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 1979ರಲ್ಲಿ ಅಣು ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದರು. ಅಷ್ಟು ಓದಿದ ಮೇಲೂ ಮತ್ತೆ ಕಣಜದ ಬೆನ್ನು ಹತ್ತಿದರು. ನಲವತ್ತು ವರ್ಷಕ್ಕೂ ಜಾಸ್ತಿ ಅವರೂ ಅವರ ವಿದ್ಯಾರ್ಥಿಗಳೂ ಈ ಒಂದು ಜಾತಿಯ ಹುಳವನ್ನೇ ನೋಡುತ್ತ ಬಂದಿದ್ದಾರೆ. ದುಬಾರಿ ಯಂತ್ರಗಳಿಲ್ಲದೆ ಮೊದಲ ದರ್ಜೆಯ ವಿಜ್ಞಾನ ಮಾಡಬಹುದು ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಅವರ ಮುಖ್ಯ ಸಾಧನ ಬಣ್ಣ. ಬೇಗ ಒಣಗುವ ಬಣ್ಣದ ಪುಟ್ಟ ಚುಕ್ಕೆಗಳನ್ನು ಪ್ರತಿ ಕಣಜದ ಮೈಮೇಲೆ ಇಡುತ್ತಾರೆ. ಇದಕ್ಕೆ ಬಿಳಿ ಮತ್ತು ನೀಲಿ, ಅದಕ್ಕೆ ಕೆಂಪು ಮತ್ತು ಹಳದಿ. ಆಮೇಲೆ ಗೂಡಿನ ಮುಂದೆ ಕೂತು, ಯಾವ ಕಣಜ ಏನು ಮಾಡಿತು ಅಂತ ಗಂಟೆಗಟ್ಟಲೆ ಬರೆದುಕೊಳ್ಳುತ್ತಾರೆ. ಇದು ಯಾಕೆ ಬೇಕು? ಈ ಜಾತಿಯಲ್ಲಿ ರಾಣಿಯೂ ಕೆಲಸಗಾರ್ತಿಯರೂ ನೋಡೋದಕ್ಕೆ ಒಂದೇ ಥರ. ಜೇನಿನಲ್ಲಿ ರಾಣಿಯ ಹೊಟ್ಟೆ ಉದ್ದ, ಗುರುತು ಸುಲಭ. ಇಲ್ಲಿ ಆ ವ್ಯತ್ಯಾಸವೇ ಇಲ್ಲ. ಯಾರು ಮೊಟ್ಟೆ ಇಡುತ್ತಾಳೆ ಅಂತ ನೋಡಿಯೇ ರಾಣಿಯನ್ನು ಗುರುತಿಸಬೇಕು.

ಸಂಸ್ಥೆಯಲ್ಲಿ ಈ ಕಣಜಗಳಿಗೇ ಅಂತ ಒಂದು ಜಾಲರಿಯ ಮನೆ ಕಟ್ಟಿದ್ದಾರೆ. ಜಾಲರಿಯ ಕಣ್ಣು ಮುಕ್ಕಾಲು ಸೆಂಟಿಮೀಟರು. ಈ ಅಳತೆಗೆ ಒಂದು ಕಾರಣವಿದೆ. ನಮ್ಮ ಕಣಜ ಅದರಲ್ಲಿ ಸಲೀಸಾಗಿ ನುಸುಳಿ ಹೊರಗೆ ಹೋಗಿ ಬರುತ್ತದೆ. ವೆಸ್ಪಾ ಟ್ರಾಪಿಕಾ ಅನ್ನೋ ದೊಡ್ಡ ಕಣಜ ಮಾತ್ರ ನುಸುಳಲಾರದು. ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿ ಇರುವ ಈ ದೈತ್ಯ, ರೋಪಾಲಿಡಿಯಾದ ಪರಮ ಶತ್ರು. ಅದು ಬಂದು ಗೂಡಿಗೆ ಕೂತರೆ ಬೆಳೆದ ರೋಪಾಲಿಡಿಯಾಗಳೆಲ್ಲ ಹಾರಿ ಜಾಗ ಖಾಲಿ ಮಾಡುತ್ತವೆ. ಒಳಗಿನ ಮರಿಗಳನ್ನು ಅದು ಒಂದೊಂದಾಗಿ ಎಳೆದು ತಿನ್ನುತ್ತದೆ.

ಗೂಡಿನ ದಿನಚರಿ ಹೀಗೆ. ಕೆಲವರು ಹೊರಗೆ ಹೋಗಿ ಒಣ ಕಟ್ಟಿಗೆ, ಒಣ ದಂಟುಗಳಿಂದ ನಾರು ಕೆರೆದು ತರುತ್ತಾರೆ. ಅದನ್ನು ಎಂಜಲಿನ ಜತೆ ಅಗಿದು, ತೆಳ್ಳಗೆ ಎಳೆದು ಕೋಣೆಯ ಗೋಡೆ ಎಬ್ಬಿಸುತ್ತಾರೆ. ಒಣಗಿದಾಗ ಅದು ಕಾಗದವೇ. ಇನ್ನು ಕೆಲವರು ಬೇಟೆಗೆ ಹೋಗುತ್ತಾರೆ. ಎಲೆ ತಿನ್ನುವ ಹುಳುವನ್ನು ಹಿಡಿದು, ಅಗಿದು, ಉಂಡೆ ಮಾಡಿ ತರುತ್ತಾರೆ. ಗೂಡಿನಲ್ಲಿ ಇರುವವರು ಆ ಉಂಡೆಯಿಂದ ತುಂಡು ಹರಿದುಕೊಂಡು, ಕೋಣೆ ಕೋಣೆಗೆ ತಲೆ ಹಾಕಿ ಮರಿಹುಳುಗಳಿಗೆ ತಿನ್ನಿಸುತ್ತಾರೆ. ಬೆಳೆದ ಕಣಜದ ಸೊಂಟ ಎಷ್ಟು ಸಣ್ಣ ಅಂದರೆ ಗಟ್ಟಿ ಆಹಾರ ಅದರಲ್ಲಿ ಇಳಿಯುವುದಿಲ್ಲ. ದೊಡ್ಡವರು ದ್ರವ ಮಾತ್ರ ಕುಡಿಯುತ್ತಾರೆ. ಮರಿಹುಳು ಬಿಡುವ ಜೊಲ್ಲಿನ ಹನಿಯೂ ಅವರಿಗೆ ಆಹಾರ. ಕೆಲಸ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಮೊದಲು ಮರಿಗಳಿಗೆ ತಿನ್ನಿಸುವುದು, ಆಮೇಲೆ ಗೂಡು ಕಟ್ಟುವುದು, ಆಮೇಲೆ ನಾರು ತರುವುದು, ಕೊನೆಗೆ ಬೇಟೆ. ಅಪಾಯದ ಕೆಲಸ ಹಿರಿಯರ ಪಾಲಿಗೆ.

1983ರಲ್ಲಿ ಗದಗ್ಕರ್ ಮತ್ತು ಎನ್.ವಿ. ಜೋಶಿ ಒಂದು ಲೆಕ್ಕಾಚಾರ ಪ್ರಕಟಿಸಿದರು. ಪ್ರತಿ ಕಣಜ ತನ್ನ ಸಮಯವನ್ನು ಹೇಗೆ ಕಳೆಯುತ್ತದೆ ಅಂತ ನೋಡಿದಾಗ ಮೂರು ಗುಂಪು ಸಿಕ್ಕವು: ಕೂರುವವರು, ಜಗಳವಾಡುವವರು, ಬೇಟೆಗೆ ಹೋಗುವವರು. ರಾಣಿ ಯಾವ ಗುಂಪಿನಲ್ಲಿ ಇರಬೇಕು ಅಂತ ಅಂದುಕೊಳ್ಳುತ್ತೀರಿ? ಜಗಳದ ಗುಂಪಿನಲ್ಲಿ, ಅಲ್ವಾ? ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಇಟಲಿಯ ಲಿಯೊ ಪಾರ್ದಿ 1940ರ ದಶಕದಲ್ಲೇ ಪೊಲಿಸ್ಟೆಸ್ ಅನ್ನೋ ಇನ್ನೊಂದು ಬಗೆಯ ಕಣಜಗಳಲ್ಲಿ ಇದನ್ನು ತೋರಿಸಿದ್ದರು. ಅಲ್ಲಿ ರಾಣಿ ಎಲ್ಲರನ್ನೂ ಕಚ್ಚಿ, ಅಟ್ಟಿ, ಹೆದರಿಸಿ ಪಟ್ಟ ಉಳಿಸಿಕೊಳ್ಳುತ್ತಾಳೆ. ನಮ್ಮಲ್ಲೇ ಸಿಗುವ ಇನ್ನೊಂದು ಸೋದರ ಜಾತಿ, ರೋಪಾಲಿಡಿಯಾ ಸಯಾಥಿಫಾರ್ಮಿಸ್, ಅದರ ರಾಣಿಯೂ ಜಗಳಗಂಟಿಯೇ. ಆದರೆ ಮಾರ್ಜಿನೇಟಾದ ರಾಣಿ ಕೂರುವವರ ಗುಂಪಿನಲ್ಲಿ ಸಿಕ್ಕಳು. ಯಾರ ಗೊಡವೆಗೂ ಹೋಗದೆ ತನ್ನ ಪಾಡಿಗೆ ತಾನು ಇರುವವಳು.

ಹಾಗಾದರೆ ಉಳಿದವರು ಯಾಕೆ ಮೊಟ್ಟೆ ಇಡುವುದಿಲ್ಲ? ಅವರಿಗೂ ಅಂಡಾಶಯವಿದೆ. ಇಷ್ಟು ಸಾಧು ರಾಣಿಗೆ ಅವರು ಹೆದರುವ ಕಾರಣವೂ ಕಾಣುವುದಿಲ್ಲ.

ಉತ್ತರ ಹುಡುಕಲು ರಾಣಿಯನ್ನು ಗೂಡಿನಿಂದ ತೆಗೆದು ನೋಡಿದರು. ಆಗ ನಡೆದದ್ದು ನಿಜಕ್ಕೂ ನಾಟಕೀಯ. ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ರೌದ್ರಾವತಾರ ತಾಳುತ್ತಾಳೆ. ಕಂಡಕಂಡವರನ್ನು ಕುಕ್ಕುತ್ತಾಳೆ, ಅಟ್ಟಿಸಿಕೊಂಡು ಹೋಗುತ್ತಾಳೆ, ಇನ್ನೊಬ್ಬಳ ಕಾಲೋ ರೆಕ್ಕೆಯೋ ಬಾಯಲ್ಲಿ ಹಿಡಿದು ಬಿಡುವುದೇ ಇಲ್ಲ. ನಿನ್ನೆಯವರೆಗೂ ಎಲ್ಲರಂತೆ ಇದ್ದವಳು ಇವಳು. ಹಳೆಯ ರಾಣಿಯನ್ನು ವಾಪಸ್ ಬಿಟ್ಟರೆ ಇವಳ ಆರ್ಭಟ ಇಳಿದು ಮತ್ತೆ ಮಾಮೂಲಿ ಕೆಲಸಕ್ಕೆ ಹೋಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಇವಳ ಅಂಡಾಶಯ ಬೆಳೆದು ಮೊದಲ ಮೊಟ್ಟೆ ಇಡುತ್ತಾಳೆ. ಅಷ್ಟರಲ್ಲಿ ಸಿಟ್ಟೂ ಇಳಿದಿರುತ್ತದೆ. ಅಲ್ಲಿಂದ ಮುಂದೆ ಇವಳೂ ಹಳೆಯ ರಾಣಿಯಷ್ಟೇ ಸಾಧು. ವಿಜ್ಞಾನಿಗಳು ಇವಳನ್ನು ಭಾವಿ ರಾಣಿ ಅನ್ನುತ್ತಾರೆ.

ರಾಣಿ ಇದ್ದಾಳೋ ಇಲ್ಲವೋ ಅಂತ ಇವಳಿಗೆ ಇಷ್ಟು ಬೇಗ ಹೇಗೆ ಗೊತ್ತಾಗುತ್ತದೆ? ಅನಿಂದಿತಾ ಭದ್ರಾ ಮತ್ತು ಸಂಗಡಿಗರು ಗೂಡನ್ನು ಎರಡು ಹೋಳು ಮಾಡಿ, ನಡುವೆ ತಂತಿ ಜಾಲರಿ ಇಟ್ಟು ಪರೀಕ್ಷಿಸಿದರು. ಒಂದು ಕಡೆ ರಾಣಿ, ಇನ್ನೊಂದು ಕಡೆ ರಾಣಿ ಇಲ್ಲ. ಜಾಲರಿಯ ಆಚೆಗೇ ರಾಣಿ ಇದ್ದರೂ ಈ ಕಡೆ ಭಾವಿ ರಾಣಿ ಎದ್ದು ನಿಂತಳು. ಅಂದರೆ ರಾಣಿಯ ಸಂದೇಶ ಗಾಳಿಯಲ್ಲಿ ಬರುತ್ತಿಲ್ಲ. ಆಮೇಲೆ ಗೊತ್ತಾದದ್ದು ಇಷ್ಟು: ರಾಣಿಯ ಹೊಟ್ಟೆಯ ತುದಿಯಲ್ಲಿ, ಮುಳ್ಳಿನ ಹತ್ತಿರ, ಡುಫೋರ್ ಗ್ರಂಥಿ ಅಂತ ಒಂದಿದೆ. ಅದರಲ್ಲಿನ ಫೆರೊಮೋನನ್ನು, ಅಂದರೆ ಸಂದೇಶ ಹೊತ್ತ ವಾಸನೆಯ ರಾಸಾಯನಿಕವನ್ನು, ಅವಳು ಗೂಡಿನ ಮೇಲೆ ಓಡಾಡುತ್ತ ಹೊಟ್ಟೆ ಉಜ್ಜಿ ಸವರುತ್ತಾಳೆ. ಆ ವಾಸನೆ ಗೂಡಿನ ಮೇಲೆ ಇರುವವರೆಗೂ ರಾಣಿ ಇದ್ದಾಳೆ ಅಂತ ಲೆಕ್ಕ. ರಾಣಿಯನ್ನು ತೆಗೆದ ಗೂಡಿಗೆ ಅವಳ ಡುಫೋರ್ ಗ್ರಂಥಿಯ ಸಾರವನ್ನು ಸವರಿದಾಗ, ರಾಣಿ ಇಲ್ಲದಿದ್ದರೂ ಭಾವಿ ರಾಣಿಯ ಆರ್ಭಟ ಕಡಿಮೆಯಾಯಿತು. ಮೈಮೇಲೆ ಬೀಳದೆ, ಸುಮ್ನೆ ಓಡಾಡಿಕೊಂಡು ಆಳುವ ದಾರಿ ಇದು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಪ್ರಶ್ನೆ. ಅಷ್ಟು ಜನರಲ್ಲಿ ಅವಳೊಬ್ಬಳೇ ಯಾಕೆ? ರಾಣಿ ಇರುವಾಗ ಭಾವಿ ರಾಣಿಯನ್ನು ಮೊದಲೇ ಗುರುತಿಸಲು ಗದಗ್ಕರ್ ತಂಡ ವರ್ಷಗಟ್ಟಲೆ ಪ್ರಯತ್ನಿಸಿತು. ಅವಳು ಮೈಕಟ್ಟಿನಲ್ಲಿ ದೊಡ್ಡವಳಲ್ಲ, ಜಗಳದಲ್ಲಿ ಮುಂದಿಲ್ಲ, ಅಂಡಾಶಯವೂ ಎಲ್ಲರಿಗಿಂತ ಬೆಳೆದಿರಬೇಕು ಅಂತಿಲ್ಲ. ಹಾಗಾದರೆ ರಾಣಿ ಹೋದ ಮೇಲೆ ಸಿಕ್ಕವರಿಗೆ ಸೀರುಂಡೆ ಅನ್ನೋ ಹಾಗೆ ಮೊದಲು ಕೆರಳಿದವಳೇ ಗೆಲ್ಲುತ್ತಾಳೋ? ಇಲ್ಲವೇ ಅವರಿಗೆ ಮೊದಲೇ ಗೊತ್ತಿದ್ದು, ನಮಗೆ ಮಾತ್ರ ಕಾಣುತ್ತಿಲ್ಲವೋ?

2008ರ ಪ್ರಯೋಗ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಮತ್ತೆ ಅದೇ ಹೋಳು ಮಾಡಿದ ಗೂಡು, ನಡುವೆ ಅದೇ ಜಾಲರಿ. ಈ ಸಲ ರಾಣಿಯನ್ನು ಆ ಕಡೆಯಿಂದ ಈ ಕಡೆಗೆ, ಭಾವಿ ರಾಣಿಯನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿದರು. ಮುಂದಿನ ಸರದಿ ಯಾರದ್ದು ಅಂತ ಮೊದಲೇ ತೀರ್ಮಾನ ಆಗಿದ್ದರೆ, ಅವಳನ್ನು ಎರಡೂ ಕಡೆಯವರು ಒಪ್ಪಬೇಕು. ಹಾಗೇ ಆಯಿತು. ನಿಜವಾದ ವಾರಸುದಾರಳು ಯಾವ ಹೋಳಿಗೆ ಹೋದರೂ ಅಲ್ಲಿನವರು ಒಪ್ಪಿಕೊಂಡರು. ಅವಳು ಎಲ್ಲರನ್ನೂ ಕುಕ್ಕುತ್ತಿದ್ದರೂ ತಿರುಗಿ ಅವಳ ಮೇಲೆ ಯಾರೂ ಬೀಳಲಿಲ್ಲ. 2012ರಲ್ಲಿ ಗದಗ್ಕರ್ ಅವರು ಅಲೋಕ್ ಬಾಂಗ್ ಜತೆ ಇನ್ನೂ ಮುಂದೆ ಹೋದರು. ಭಾವಿ ರಾಣಿಯನ್ನೂ ತೆಗೆದರು, ಅವಳ ನಂತರ ಬಂದವಳನ್ನೂ ತೆಗೆದರು. ಹೀಗೆ ಒಬ್ಬಳ ಹಿಂದೆ ಒಬ್ಬಳು ಐದು ಜನರ ತನಕ ಸರದಿ ಸಿಕ್ಕಿತು. ಪ್ರತಿ ಸಲವೂ ಒಬ್ಬಳೇ ಮುಂದೆ ಬಂದಳು, ಪ್ರತಿ ಸಲವೂ ಪೈಪೋಟಿ ಇಲ್ಲ. ಸರದಿಯಲ್ಲಿ ವಯಸ್ಸಿಗೆ ಬೆಲೆ ಇದೆ, ಹಿರಿಯರು ಸಾಮಾನ್ಯವಾಗಿ ಮುಂದಿರುತ್ತಾರೆ. ಆದರೂ ಅದೊಂದೇ ನಿಯಮ ಅಲ್ಲ. ಹಿರಿಯಳನ್ನು ಬಿಟ್ಟು ಚಿಕ್ಕವಳು ಪಟ್ಟಕ್ಕೆ ಬಂದದ್ದೂ ಇದೆ.

ರಾಣಿ ಜಗಳವಾಡುವುದಿಲ್ಲ ಅಂದೆ. ಆದರೆ ಗೂಡಿನಲ್ಲಿ ಜಗಳ ಇದ್ದೇ ಇದೆ. ಕೆಲಸಗಾರ್ತಿಯರು ಒಬ್ಬರನ್ನೊಬ್ಬರು ಕುಕ್ಕುತ್ತಾರೆ, ಮೆಲ್ಲಗೆ ಕಡಿಯುತ್ತಾರೆ, ಒಮ್ಮೊಮ್ಮೆ ಹಾರಿ ಬಂದು ಇನ್ನೊಬ್ಬಳ ಮೇಲೆ ಧೊಪ್ಪೆಂದು ಇಳಿಯುತ್ತಾರೆ. ಪಟ್ಟಕ್ಕಾಗಿ ಅಲ್ಲದಿದ್ದರೆ ಇದು ಯಾತಕ್ಕೆ? ಯಾರ ಮೇಲೆ ಜಾಸ್ತಿ ಏಟು ಬೀಳುತ್ತದೆ ಅಂತ ನೋಡಿದರೆ ಬೇಟೆಗೆ ಹೋಗುವವರ ಮೇಲೆ. ಗೂಡಿಗೆ ಹೊರಗಿನಿಂದ ಸಾಕಷ್ಟು ಆಹಾರ ಕೊಟ್ಟರೆ ಈ ಕುಕ್ಕಾಟ ಕಡಿಮೆಯಾಗುತ್ತದೆ. ಅಂದರೆ ಇದು ಗೂಡಿನ ಹಸಿವಿನ ಸುದ್ದಿ. ಮರಿಗಳ ಹಸಿವು ಅವುಗಳಿಗೆ ತಿನ್ನಿಸುವವರಿಗೆ ಗೊತ್ತಾಗುತ್ತದೆ, ಅವರು ಬೇಟೆಗಾರ್ತಿಯರನ್ನು ಕುಕ್ಕಿ ಹೊರಡಿಸುತ್ತಾರೆ. ರಾಣಿಯನ್ನು ತೆಗೆದರೂ ಆಹಾರ ತರುವ ಕೆಲಸ ನಿಲ್ಲುವುದಿಲ್ಲ. ಆಡಳಿತ ಕೆಳಗಿನಿಂದಲೇ ನಡೆಯುತ್ತಿದೆ.

ಗಂಡುಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅವು ಹುಟ್ಟಿದ ಗೂಡಿನಲ್ಲಿ ಸುಮಾರು ಒಂದು ವಾರ ಇದ್ದು, ಹೆಣ್ಣುಗಳು ತಂದದ್ದನ್ನು ತಿಂದು, ಹೊರಟು ಹೋಗುತ್ತವೆ. ಮತ್ತೆ ಬರುವುದಿಲ್ಲ. ಕೆಲಸ ಅವುಗಳ ಕೈಲಿ ಆಗುವುದೇ ಇಲ್ಲವೋ ಅಂತ ರುಚಿರಾ ಸೇನ್ ಪರೀಕ್ಷಿಸಿದರು. ಹೆಣ್ಣುಗಳನ್ನೆಲ್ಲ ತೆಗೆದು, ಗಂಡುಗಳಿಗೆ ಬೇಕಾದಷ್ಟು ಆಹಾರ ಕೊಟ್ಟಾಗ ಅವು ಮರಿಗಳಿಗೆ ತಿನ್ನಿಸಿದವು. ಬರುತ್ತದೆ, ಮಾಡುವ ಪ್ರಸಂಗ ಬರುವುದಿಲ್ಲ ಅಷ್ಟೆ.

ಇನ್ನು ದೊಡ್ಡ ಪ್ರಶ್ನೆ. ತನ್ನದೇ ಮೊಟ್ಟೆ ಇಡುವುದನ್ನು ಬಿಟ್ಟು ಇನ್ನೊಬ್ಬಳ ಮರಿ ಸಾಕುವುದರಲ್ಲಿ ಕೆಲಸಗಾರ್ತಿಗೆ ಏನು ಲಾಭ? 1964ರಲ್ಲಿ ಇಂಗ್ಲಿಷ್ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ ರಕ್ತಸಂಬಂಧದ ಲೆಕ್ಕ ಕೊಟ್ಟರು: ಹತ್ತಿರದ ನೆಂಟರಲ್ಲೂ ತನ್ನದೇ ವಂಶವಾಹಿಗಳು ಇರುತ್ತವೆ, ಅವರನ್ನು ಸಾಕಿದರೂ ಅವು ಮುಂದುವರಿಯುತ್ತವೆ. ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅವನಲ್ಲಿ ತಾಯಿಯಿಂದ ಬಂದ ವಂಶವಾಹಿ ಮಾತ್ರ ಇರುತ್ತದೆ, ಅದನ್ನೇ ಎಲ್ಲ ಹೆಣ್ಣುಮಕ್ಕಳಿಗೂ ಪೂರ್ತಿ ಕೊಡುತ್ತಾನೆ. ಹಾಗಾಗಿ ಒಬ್ಬನೇ ಅಪ್ಪನ ಮಕ್ಕಳಾದ ಅಕ್ಕತಂಗಿಯರ ನಡುವೆ ಮುಕ್ಕಾಲು ಪಾಲು ಸಂಬಂಧ, ತಾಯಿ ಮಗಳ ನಡುವೆ ಅರ್ಧ. ಮಗಳಿಗಿಂತ ತಂಗಿಯೇ ಹತ್ತಿರ ಅಂದಹಾಗಾಯಿತು. ಓದೋದಕ್ಕೆ ಚೆಂದ. ಆದರೆ ಮಾರ್ಜಿನೇಟಾದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜತೆ ಕೂಡುತ್ತಾಳೆ, ಹಾಗಾಗಿ ಅಕ್ಕತಂಗಿಯರ ಸರಾಸರಿ ಸಂಬಂಧ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೇಲಾಗಿ ರಾಣಿಯರು ಬದಲಾಗುತ್ತಲೇ ಇರುತ್ತಾರೆ. ಒಬ್ಬಳು ಕೆಲವು ದಿನ ಆಳಿದರೆ ಇನ್ನೊಬ್ಬಳು ತಿಂಗಳುಗಟ್ಟಲೆ. ಕೆಲಸಗಾರ್ತಿ ಸಾಕುತ್ತಿರುವುದು ತಂಗಿಯನ್ನೋ, ಅಕ್ಕನ ಮಗಳನ್ನೋ, ಇನ್ನೂ ದೂರದ ನಂಟನ್ನೋ ಆಗಿರಬಹುದು.

ಗದಗ್ಕರ್ ಬೇರೆ ಕಡೆ ನೋಡಿದರು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಎರಡು ತಿಂಗಳು ಬೇಕು. ಕೆಲಸಗಾರ್ತಿಯ ಸರಾಸರಿ ಆಯುಸ್ಸು ಒಂದು ತಿಂಗಳ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಅವಳ ಅಷ್ಟೂ ದುಡಿಮೆ ಮಣ್ಣುಪಾಲು, ಮರಿಗಳೂ ಸಾಯುತ್ತವೆ. ಗುಂಪಿನಲ್ಲಿ ಇದ್ದವಳು ಹತ್ತೇ ದಿನ ದುಡಿದು ಸತ್ತರೂ, ಅವಳು ಸಾಕಿದ ಮರಿಯನ್ನು ಉಳಿದವರು ಮುಂದುವರಿಸುತ್ತಾರೆ. ಆ ಹತ್ತು ದಿನ ದಂಡವಾಗುವುದಿಲ್ಲ. ಈ ವಾದವನ್ನು ಅವರು 1990ರಲ್ಲಿ ಮುಂದಿಟ್ಟರು. ಇದರ ಜತೆಗೆ ಇನ್ನೊಂದು ಸಂಗತಿ. ಈಗಷ್ಟೇ ಹೊರಬಂದ ಹೆಣ್ಣುಗಳನ್ನು ಒಂದೊಂದು ಡಬ್ಬಿಯಲ್ಲಿ ಬೇರೆ ಬೇರೆ ಇಟ್ಟು, ಬೇಕಾದಷ್ಟು ಆಹಾರ ಕೊಟ್ಟರೂ, ಸುಮಾರು ಅರ್ಧದಷ್ಟು ಮಾತ್ರ ಮೊಟ್ಟೆ ಇಟ್ಟವು. ಮರಿಯಾಗಿದ್ದಾಗ ಯಾರಿಗೆ ಎಷ್ಟು ಊಟ ಸಿಕ್ಕಿತ್ತು ಅನ್ನೋದು ಇದರಲ್ಲಿ ಪಾತ್ರ ವಹಿಸುತ್ತದೆ. ಎಲ್ಲರೂ ಸಮಾನವಾಗಿ ಹುಟ್ಟುತ್ತಿಲ್ಲ, ನೋಡೋದಕ್ಕೆ ಒಂದೇ ಥರ ಇದ್ದರೂ.

ರಕ್ತಸಂಬಂಧವೇ ಎಲ್ಲ ಅಲ್ಲ ಅನ್ನೋದಕ್ಕೆ ಕಣಜಗಳೇ ಇನ್ನೊಂದು ಸಾಕ್ಷಿ ಕೊಟ್ಟಿವೆ. ಬೇರೆ ಗೂಡಿನ ಕಣಜ ಬಂದರೆ ಗೂಡಿನವರು ವಾಸನೆಯಿಂದಲೇ ಗುರುತಿಸಿ ಓಡಿಸುತ್ತಾರೆ. ಆದರೆ ಬಂದವಳು ತೀರಾ ಎಳೆಯಳು, ಹೊರಬಂದು ಕೆಲವೇ ದಿನ ಆದವಳು ಆಗಿದ್ದರೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಅವಳು ಅಲ್ಲೇ ಬೆಳೆದು, ಅಲ್ಲಿನ ಮರಿಗಳಿಗೆ ತಿನ್ನಿಸಿ, ಬೇಟೆಗೆ ಹೋಗಿ ಬಂದು ಮನೆಯವಳೇ ಆಗುತ್ತಾಳೆ. ಹೀಗೆ ಒಳಬಂದ ಪರಕೀಯಳು ಮುಂದೆ ಆ ಗೂಡಿನ ರಾಣಿಯಾದದ್ದೂ ಬೆಂಗಳೂರಿನ ಈ ಪ್ರಯೋಗಗಳಲ್ಲಿ ದಾಖಲಾಗಿದೆ.