ಮಗುವಿನ ಕಣ್ಣು ಚಿತ್ರದ ಮೇಲಿದೆ, ಅಕ್ಷರದ ಮೇಲಲ್ಲ

ನಾಲ್ಕು ವರ್ಷದ ಮಗುವಿಗೆ ನಾವು ಕತೆ ಓದಿ ಹೇಳುವಾಗ ಅದು ಪುಟದಲ್ಲಿ ಏನನ್ನು ನೋಡುತ್ತಿರುತ್ತದೆ? ಕೆನಡಾದ ಮೇರಿ ಆನ್ ಇವಾನ್ಸ್ ಮತ್ತು ಸಂಗಡಿಗರು ಕಣ್ಣಿನ ಚಲನೆ ಅಳೆಯುವ ಉಪಕರಣವಿಟ್ಟು ಇದನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದರು. ಮಕ್ಕಳ ನೋಟವೆಲ್ಲ ಚಿತ್ರದ ಮೇಲೇ. ಅಕ್ಷರದ ಸಾಲಿನತ್ತ ಹೊರಳಿದ್ದು ತೀರಾ ಕಡಿಮೆ. ಕಾಗದದ ಪುಸ್ತಕದಲ್ಲೇ ಹೀಗಾದರೆ ಮೊಬೈಲಿನಲ್ಲಿ, ಅದರಲ್ಲೂ ಮುಟ್ಟಿದರೆ ಕೋಳಿ ಕೂಗುವ, ಮರ ಕುಣಿಯುವ ಪುಸ್ತಕದಲ್ಲಿ, ಅಕ್ಷರದ ಗತಿ ಏನು?

ಇದಕ್ಕೂ ಉತ್ತರವಿದೆ. ಇ-ಪುಸ್ತಕಗಳ ಮೇಲೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2015ರಲ್ಲಿ ಬಂತು. ಕತೆಗೆ ಹೊಂದುವಂತೆ ಚಿತ್ರ ಚಲಿಸಿದರೆ, ಸದ್ದು ಕೇಳಿಸಿದರೆ ಮಗುವಿಗೆ ಕತೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನಡುನಡುವೆ ಆಟ, ಮುಟ್ಟಿದಲ್ಲೆಲ್ಲ ಏನಾದರೊಂದು ಚಮತ್ಕಾರ ಇಟ್ಟರೆ ಅರ್ಥ ಕೈಬಿಟ್ಟು ಹೋಗುತ್ತದೆ. ಸಣ್ಣ ಮಕ್ಕಳಿಗೆ ಗಮನವನ್ನು ಕತೆಯಿಂದ ಆಟಕ್ಕೆ, ಆಟದಿಂದ ಮತ್ತೆ ಕತೆಗೆ ತಿರುಗಿಸುವುದೇ ದೊಡ್ಡ ಕೆಲಸ. ಅದರಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಹಾಗಾಗಿ ಆಟಗಳಿಲ್ಲದ ಸಾದಾ ಇ-ಪುಸ್ತಕವನ್ನೇ ಆರಿಸಿ.

ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತಗಳಿವೆ. ಮೊದಲ ಹಂತದ ಪುಸ್ತಕ ಇಡಿಯಾಗಿ 250 ಪದ ಮೀರುವುದಿಲ್ಲ. ಆರು ವರ್ಷದೊಳಗಿನವರಿಗೆ ಅದು ಸಾಕು. ಕೆಲವಕ್ಕೆ ದನಿಯೂ ಇದ್ದು, ಓದಿದಂತೆಲ್ಲ ಪದದ ಬಣ್ಣ ಬದಲಾಗುತ್ತದೆ. ಪಿಡಿಎಫ್ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ.

ಇ-ಪಬ್ (ಓದುವ ಆ್ಯಪ್‌ನಲ್ಲಿ ತೆರೆಯುವ ಇ-ಪುಸ್ತಕದ ಕಡತ) ರೂಪದ್ದಾದರೆ ಮಗುವಿನ ಕೈಗೆ ಕೊಡುವ ಮುಂಚೆ ನೀವೇ ಒಂದು ಪುಟ ತೆರೆದು 'ಅಮ್ಮ', 'ಹಕ್ಕಿ' ಪದಗಳನ್ನು ಹುಡುಕಿ. ಹಳೆಯ ಮೊಬೈಲುಗಳಲ್ಲಿ ಒತ್ತಕ್ಷರ ಒಡೆದು 'ಅಮ್‌ಮ', 'ಹಕ್‌ಕಿ' ಎಂದು ಕಾಣಿಸುವುದುಂಟು. ವ್ಯಂಜನ, ಅರ್ಧಾಕ್ಷರ, ಒತ್ತು ಇವನ್ನು ಜೋಡಿಸಿ ಕೂರಿಸುವ ನಿಯಮ ಆ ಓದುವ ಆ್ಯಪ್‌ಗೋ ಫಾಂಟ್‌ಗೋ ಗೊತ್ತಿರುವುದಿಲ್ಲ. ಪಿಡಿಎಫ್‌ನಲ್ಲಿ ಅಕ್ಷರದ ಆಕಾರ ಕಡತದೊಳಗೇ ಅಡಕವಾಗಿರುವುದರಿಂದ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಕನ್ನಡ ಕಲಿಯುವ ಮಕ್ಕಳು ಗುಣಿತಾಕ್ಷರ, ಒತ್ತಕ್ಷರಗಳನ್ನು ಒಂದೇ ವರ್ಷದಲ್ಲಿ ಕಲಿತು ಮುಗಿಸುವುದಿಲ್ಲ, ನಾಲ್ಕನೇ ತರಗತಿಯವರೆಗೂ ಕಲಿಯುತ್ತಲೇ ಇರುತ್ತಾರೆ ಎಂಬುದನ್ನು ಸೊನಾಲಿ ನಾಗ್ ಅವರ ಸಂಶೋಧನೆ ತೋರಿಸಿದೆ. ಅಷ್ಟು ನಿಧಾನವಾಗಿ ಕೂಡಿಬರುವ ಕಲಿಕೆಗೆ ಒಡೆದ ಅಕ್ಷರ ತೋರಿಸಬಾರದು.

ಮೊಬೈಲನ್ನು ಅಡ್ಡ ಹಿಡಿಯಿರಿ, ಏರೋಪ್ಲೇನ್ ಮೋಡ್ ಹಾಕಿ. ಸಾಲು ಬಂದಲ್ಲಿ ಎರಡು ಬೆರಳಿಂದ ಹಿಗ್ಗಿಸಿ. 'ಬೆಳೆ', 'ಬೇಳೆ' ಎರಡಕ್ಕೂ ವ್ಯತ್ಯಾಸ ಒಂದು ದೀರ್ಘದ ಗುರುತು; ಆರು ಇಂಚಿನ ಪರದೆಯಲ್ಲಿ ಅದು ಎಳ್ಳಿನಷ್ಟಿರುತ್ತದೆ. ದೊಡ್ಡದು ಮಾಡಿ, ಆ ಗುರುತನ್ನು ತೋರಿಸಿ, 'ಬೆಳೆ'ಯನ್ನು ಚುಟುಕಾಗಿ, 'ಬೇಳೆ'ಯನ್ನು ಎಳೆದು ಹೇಳಿಸಿ. ಪರದೆಗೆ ಬೆರಳು ತಗುಲಿದರೆ ಪುಟ ಹಾರುತ್ತದೆ, ಅದಕ್ಕೆ ಕಡ್ಡಿಯನ್ನೋ ಪೊರಕೆಯ ಎಳೆಯನ್ನೋ ಬಳಸಿ.

ಒಂದು ಪುಸ್ತಕಕ್ಕೆ ನಾಲ್ಕು ದಿನ ಕೊಡಿ, ದಿನಕ್ಕೆ ಹತ್ತು-ಹದಿನೈದು ನಿಮಿಷ. ಮೊದಲ ದಿನ ದನಿ ಬೇಡ. ನೀವೇ ಓದಿ, ಚಿತ್ರದ ಬಗ್ಗೆ ಕೇಳಿ. 'ಇದೇನು?' ಎಂಬುದಕ್ಕಿಂತ 'ಈ ಆಡು ಯಾಕೆ ಓಡ್ತಿದೆ?' ಎಂಬ ಪ್ರಶ್ನೆ ಒಳ್ಳೆಯದು. ಮಗು 'ನಾಯಿ' ಎಂದರೆ, 'ಹೌದು, ಕರಿ ನಾಯಿ ಅಟ್ಟಿಸ್ಕೊಂಡು ಬರ್ತಿದೆ' ಎಂದು ಮಾತನ್ನು ಒಂದು ಮೆಟ್ಟಿಲು ಏರಿಸಿ, ಅದರಿಂದಲೂ ಹೇಳಿಸಿ. ಅಮೆರಿಕದ ವೈಟ್‌ಹರ್ಸ್ಟ್ ತಂಡ 1988ರಲ್ಲಿ ಹೀಗೆ ಮಾತಾಡಿಸಿ ಓದುವುದನ್ನು ತಾಯ್ತಂದೆಯರಿಗೆ ಕಲಿಸಿದಾಗ ಒಂದೇ ತಿಂಗಳಲ್ಲಿ ಪುಟ್ಟ ಮಕ್ಕಳ ಮಾತು ಬೆಳೆದಿತ್ತು. ಎರಡನೇ ದಿನ, ಪುಸ್ತಕಕ್ಕೆ ದನಿಯಿದ್ದರೆ, ಏರೋಪ್ಲೇನ್ ಮೋಡ್ ತೆಗೆದು ತಾಣದಲ್ಲೇ ದನಿ ಹಾಕಿ, ಬಣ್ಣ ಬದಲಾಗುವ ಪದದ ಕೆಳಗೆ ಕಡ್ಡಿ ಓಡಿಸಿ. ಮೂರನೇ ದಿನ ದನಿ ನಿಲ್ಲಿಸಿ, ಮತ್ತೆಮತ್ತೆ ಬರುವ ಪದವನ್ನು ಮಗುವಿಗೇ ಬಿಡಿ. ನಾಲ್ಕನೇ ದಿನ ಕತೆ ಮಗುವಿನ ಬಾಯಿಂದ ಬರಲಿ.

ಮೂರನೇ ದಿನದ ಹೊತ್ತಿಗೆ ಮಗು ಪಟಪಟನೆ 'ಓದಿದರೆ' ಹಿಗ್ಗುವ ಮುಂಚೆ ಪರೀಕ್ಷಿಸಿ. ಪುಸ್ತಕದ ಒಂದು ಪದವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿ. ಗುರುತಿಸದಿದ್ದರೆ ಅದು ಬಾಯಿಪಾಠ. ಗದರಬೇಡಿ, ಎಲ್ಲ ಮಕ್ಕಳೂ ದಾಟುವ ಹಂತ ಅದು. ದಿನಕ್ಕೆರಡು ಪದ ಹೀಗೆ ಪುಟದಿಂದ ಸ್ಲೇಟಿಗೆ ಇಳಿಸುತ್ತಾ ಹೋಗಿ.

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಮಗುವಿಗೆ 'ಪಿಲ್ಲಿ' ಗೊತ್ತು, 'ಬೆಕ್ಕು' ಹೊಸದು. ಅಂಥ ಮಗುವಿಗೆ ಗೊತ್ತಿಲ್ಲದ ಪದವನ್ನು ಗೊತ್ತಿಲ್ಲದ ಅಕ್ಷರದಲ್ಲಿ ಓದು ಎನ್ನುವುದು ಅನ್ಯಾಯ. ಇ-ಪುಸ್ತಕದ ನಿಜವಾದ ಉಪಕಾರ ಇಲ್ಲಿದೆ: ಅದೇ ಚಿತ್ರಗಳಿರುವ ಅದೇ ಕತೆ ಎಷ್ಟೋ ಸಲ ತೆಲುಗಿನಲ್ಲೂ ಉರ್ದುವಿನಲ್ಲೂ ಸಿಗುತ್ತದೆ. ಅಜ್ಜಿ ಮೊದಲು ಮನೆಮಾತಿನಲ್ಲಿ ಹೇಳಲಿ. ಕತೆ ಕೈಗೆ ಬಂದ ಮೇಲೆ ಕನ್ನಡದ್ದನ್ನು ತೆರೆಯಿರಿ. ಓದು ಬಾರದ ಅಜ್ಜಿಯೂ ಚಿತ್ರ ನೋಡಿ ಹೇಳಬಹುದು, ಅದೂ ಪಾಠವೇ.

ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗುವಿಗೆ ಹಿಡಿಸಿದ ಪುಸ್ತಕವನ್ನು ಕಾಗದಕ್ಕೆ ಇಳಿಸಿ. ಸ್ಟೋರಿವೀವರ್ ಕತೆಗಳ ಪರವಾನಗಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಒಂದು ಬದಿಗೆ ಎರಡು ಪುಟದಂತೆ ಎರಡೂ ಬದಿ ಹಾಕಿಸಿದರೆ 12 ಪುಟದ ಪುಸ್ತಕಕ್ಕೆ ಮೂರು ಹಾಳೆ ಸಾಕು. ಪುಟಗಳ ಕ್ರಮ ತಪ್ಪದಿರಲು ಪ್ರಿಂಟ್ ಆಯ್ಕೆಯಲ್ಲಿ 'ಬುಕ್‌ಲೆಟ್' ಎಂದು ಹೇಳಿ, ನಡುವೆ ಮಡಚಿ ಎರಡು ಪಿನ್ ಹೊಡೆಸಿ. ಕಪ್ಪು-ಬಿಳುಪಾದರೂ ಸರಿ, ಚಿತ್ರಕ್ಕೆ ಬಣ್ಣ ಮಗುವೇ ತುಂಬಲಿ. ಮನೆಯಲ್ಲಿ ಒಂದೇ ಮೊಬೈಲಿದ್ದು ಅದೂ ಸಂಜೆ ತೋಟಕ್ಕೋ ಡೇರಿಗೋ ಹೋಗುವುದಾದರೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ವಿಚಾರಿಸಿ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.