ಹಟ್ಟಿಯ ಚಿನ್ನ: ಹಳೆ ಗುಂಡಿಗಳು ತೋರಿಸಿದ ದಾರಿ

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಾ ಗುಡ್ಡ ಅಲೆಯುತ್ತಿದ್ದರು. ಸಿಕ್ಕಿದ್ದು ಬಂಡೆಯ ಮೇಲಿನ ಬರಹ. ಅಲ್ಲಿಯವರೆಗೆ ಕಂಡ ಇಂಥ ಶಾಸನಗಳಲ್ಲಿ ರಾಜನ ‘ದೇವಾನಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಇಲ್ಲಿ ‘ಅಶೋಕ’ ಎಂಬ ಹೆಸರೂ ಇತ್ತು. ಪಾಟಲಿಪುತ್ರದ ರಾಜನಿಗೆ ಈ ಒಣನೆಲದಲ್ಲಿ ಏನು ಕೆಲಸ? ಚಿನ್ನವೇ ಇರಬೇಕು ಅನ್ನುವುದು ಹಲವು ಇತಿಹಾಸಕಾರರ ಊಹೆ. ನನಗೂ ಹಾಗೇ ಅನಿಸುತ್ತದೆ.

ಯಾಕೆಂದರೆ ಮಸ್ಕಿಯೂ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲೂಕಿನ ಹಟ್ಟಿಯೂ ಒಂದೇ ಕಲ್ಲಿನ ಪಟ್ಟಿಯ ಮೇಲಿವೆ. ಸುತ್ತ ಗ್ರಾನೈಟ್, ನಡುವೆ ಗಾಳದ ಕೊಕ್ಕೆಯ ಹಾಗೆ ಬಾಗಿದ ಕಪ್ಪು-ಹಸಿರು ಕಲ್ಲು. ಇಂಥ ಕಲ್ಲುಗಳಿಗೆ ‘ಧಾರವಾಡ ಶಿಲೆ’ ಎಂಬ ಹೆಸರು ಕೊಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಪಟ್ಟಿಯನ್ನು ಗುರುತಿಸಿದ್ದರು.

ಈ ಕಪ್ಪು ಕಲ್ಲು ಹುಟ್ಟಿದ್ದು ಸಮುದ್ರದ ತಳದಲ್ಲಿ, 250 ಕೋಟಿ ವರ್ಷಕ್ಕೂ ಹಿಂದೆ. ಉಕ್ಕಿದ ಲಾವಾ ನೀರಿಗೆ ತಾಗಿ ದಿಂಬಿನಂಥ ಉಂಡೆಗಳಾಗಿ ಗಟ್ಟಿಯಾಯಿತು. ಆಮೇಲೆ ನೆಲ ಅದನ್ನು ಎರಡೂ ಕಡೆಯಿಂದ ಹಿಂಡಿತು. ಕಲ್ಲು ನುಜ್ಜುಗುಜ್ಜಾಗಿ, ಉತ್ತರ-ದಕ್ಷಿಣವಾಗಿ ಉದ್ದುದ್ದ ಸೀಳುಗಳಾದವು. ಆಳದಿಂದ ಏರಿದ ಬಿಸಿನೀರಿಗೆ ಅವೇ ದಾರಿ. ಆ ನೀರಿನಲ್ಲಿ ಚಿನ್ನ ಗಂಧಕದ ಜೊತೆಗೂಡಿ ಕರಗಿತ್ತು. ಕಪ್ಪು ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಅದು ಗಂಧಕವನ್ನು ಎಳೆದುಕೊಂಡಿತು, ಜೊತೆಗಾರ ಇಲ್ಲದ ಚಿನ್ನ ಅಲ್ಲೇ ಉಳಿಯಿತು. ಪಕ್ಕದಲ್ಲೇ ಬೆಣಚುಕಲ್ಲಿನ ಗೆರೆಗಳೂ ಬೆಳೆದವು. ಗಣಿಯವರ ಮಾತಿನಲ್ಲಿ ಇದು ರೀಫ್.

ರೀಫಿನ ಕಲ್ಲು ಕೈಗೆ ಸಿಕ್ಕಿದರೆ ಬಹುಪಾಲು ನಿರಾಸೆಯೇ. ಬೂದುಬಣ್ಣ, ಒಂದಿಷ್ಟು ಬೆಳ್ಳಿಯಂಥ ಮಿನುಗು. ಮಿನುಗುವುದು ಆರ್ಸೆನಿಕ್ ಇರುವ ಖನಿಜ, ಚಿನ್ನ ಅಲ್ಲ! ಎಲ್ಲ ಕಡೆಯೂ ಎರಡೂಕಾಲು ಅಡಿ ಇರುವ ಬಂಡೆ ಅಂದರೆ ಹೆಚ್ಚುಕಡಿಮೆ ಒಂದು ಟನ್. ಅದನ್ನು ಹಿಟ್ಟು ಮಾಡಿದರೂ ಸಿಗುವುದು ಕೆಲವೇ ಗ್ರಾಂ.

ಹಾಗಾದರೆ ಯಂತ್ರ, ಪ್ರಯೋಗಾಲಯ ಏನೂ ಇಲ್ಲದ ಹಳೆಯ ಕಾಲದವರು ಇದನ್ನು ಹೇಗೆ ಹಿಡಿದರು? ಕಲ್ಲು ಒಡೆದು, ಕುಟ್ಟಿ, ಅರೆದು, ನೀರಲ್ಲಿ ತೊಳೆದು ನೋಡಿಯೇ. ಆ ಕಾಲದವರು ಕುಟ್ಟಿದ ಕುಳಿಗಳು ಬಂಡೆಗಳ ಮೇಲೆ ಈಗಲೂ ಇವೆ. ಒಳಗಿಳಿದವರು ಕಲ್ಲಿಗೆ ಬೆಂಕಿ ಹಾಕಿ ಬಿರುಕು ಬಿಡಿಸುತ್ತಿದ್ದರು. ಹಟ್ಟಿಯ ಹಳೆ ಸುರಂಗಗಳು ಸುಮಾರು 640 ಅಡಿ ಆಳಕ್ಕೆ ಹೋಗಿದ್ದವು. ಒಳಗೆ ಸಿಕ್ಕ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಸುಮಾರು 2,000 ವರ್ಷ ಹಳೆಯವು ಅಂತ ಗೊತ್ತಾಯಿತು. ಬೆಂಕಿ, ಹೊಗೆ, ಅಷ್ಟು ಆಳ... ಉಸಿರು ಹೇಗೆ ಆಡುತ್ತಿತ್ತೋ!

ನಿಜಾಮರ ಕಾಲದಲ್ಲಿ ಬಂದ ಬ್ರಿಟಿಷ್ ಕಂಪನಿಯವರಿಗೆ ಈ ಗುಂಡಿಗಳೇ ಕೈಮರ. 1902ರಿಂದ 1920ರವರೆಗೆ ಗಣಿ ನಡೆಯಿತು, ಆಮೇಲೆ ನಿಂತಿತು. ಓಕ್ಲೀಸ್ ರೀಫ್, ಮಿಡಲ್ ರೀಫ್, ವಿಲೇಜ್ ರೀಫ್ ಅಂತ ಇಂಗ್ಲಿಷ್ ಹೆಸರುಗಳು ಮಾತ್ರ ಉಳಿದವು. ಮೊದಲು ಅಗೆದವರು ಏನಂತ ಕರೆದಿದ್ದರೋ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಗಣಿಯೂ ಬಂತು. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ದೇಶದ ಗಣಿಗಳ ಚಿನ್ನದಲ್ಲಿ ಬಹುಪಾಲು ಹಟ್ಟಿಯದೇ.

ಈಗ ಗಣಿ 2,500 ಅಡಿಗೂ ಕೆಳಗಿಳಿದಿದೆ. ರೀಫುಗಳು ನಿಲ್ಲಿಸಿಟ್ಟ ಹಲಗೆಯ ಹಾಗೆ ಪಶ್ಚಿಮಕ್ಕೆ ಸ್ವಲ್ಪ ವಾಲಿಕೊಂಡು ಆಳಕ್ಕೆ ಹೋಗಿವೆ. ಹಲಗೆಯ ಮೇಲಂಚನ್ನು ಆ ಹಳೆಯ ಕಾಲದವರು ಅಗೆದರು, ಕೆಳಗಿನದನ್ನು ನಾವು ಅಗೆಯುತ್ತಿದ್ದೇವೆ.